ಕಂಪ್ಯೂಟರಿನ ಹೆಡತಲೆ

ಹೆಡತಲೆ ಎಂಬ ಊರಿನ ನಮ್ಮ ನೆಂಟರ ಮನೆಯಲ್ಲಿ ಕಂಪ್ಯೂಟರ್ ಆನ್ ಮಾಡುವುದಕ್ಕೆ ಒಂದು ಹೊತ್ತಿತ್ತು. ಬೆಳಿಗ್ಗೆ ಎದ್ದವರು ಮೊದಲು ಅದರ ಗುಂಡಿ ಒತ್ತಿ, ಆಮೇಲೆ ಹಾಲು ಕರೆಯಲು ಕೊಟ್ಟಿಗೆಗೆ ಹೋಗುತ್ತಿದ್ದರು. ಡೇರಿಗೆ ಹಾಲು ಹಾಕಿ, ಕೈಕಾಲು ತೊಳೆದು, ಕಾಫಿ ಲೋಟ ಹಿಡಿದು ಬಂದು ಕೂತಾಗ ಅದು ಹೇಳಿದ ಮಾತು ಕೇಳುವ ಸ್ಥಿತಿಗೆ ಬಂದಿರುತ್ತಿತ್ತು. ಪರದೆಯ ಮೇಲೆ ಚಿತ್ರಗಳೇನೋ ಬೇಗನೆ ಮೂಡುತ್ತಿದ್ದವು. ಆದರೆ ಯಾವುದನ್ನು ಒತ್ತಿದರೂ ಸಣ್ಣ ನೀಲಿ ಉಂಗುರವೊಂದು ತಿರುಗುತ್ತಲೇ ಇರುತ್ತಿತ್ತು.

ಭತ್ತದ ಕೊಯ್ಲು ಮುಗಿದ ಸಮಯದಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಮನೆಯ ಹುಡುಗಿ ಕಾಲೇಜಿನ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಳು. ಎರಡನೇ ಪುಟಕ್ಕೆ ಹೋಗುವಷ್ಟರಲ್ಲಿ ‘ಸಮಯ ಮೀರಿದೆ, ಮತ್ತೆ ಲಾಗಿನ್ ಆಗಿ’ ಎಂದು ಬರುತ್ತಿತ್ತು. ಮೂರನೇ ಸಲ ಹಾಗಾದಾಗ ಅವಳ ಕಣ್ಣಲ್ಲಿ ನೀರು ಬಂತು. ‘ಇದಕ್ಕೆ ವಯಸ್ಸಾಯ್ತು ಬುಡಿ, ಹೊಸದು ತಕ್ಕೊಬೇಕು’ ಎಂದರು ಅವಳಪ್ಪ. ಹೊಸದಕ್ಕೆ ದುಡ್ಡು ಹೊಂದಿಸುವುದು ಆ ವರ್ಷ ಸುಲಭವಿರಲಿಲ್ಲ ಎಂಬುದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು.

ವಯಸ್ಸಾಯಿತು ಎಂಬ ಮಾತನ್ನು ಮೊದಲು ಪರೀಕ್ಷಿಸಬೇಕು. ಎತ್ತಿಗೆ ವಯಸ್ಸಾದರೆ ಅದರ ನಡಿಗೆಯೇ ನಿಧಾನವಾಗುತ್ತದೆ. ಕಂಪ್ಯೂಟರಿನ ಪ್ರೊಸೆಸರ್ ಹಾಗಲ್ಲ. ಅದರ ತಾಳವನ್ನು ಕಾಯುವುದು ಬೋರ್ಡಿನ ಮೇಲೆ ಕೂತಿರುವ ಒಂದು ಸಣ್ಣ ಸ್ಫಟಿಕದ ಕಂಪನ. ಹತ್ತು ವರ್ಷದ ಹಿಂದೆ ಸೆಕೆಂಡಿಗೆ 300 ಕೋಟಿ ತಾಳ ಹಾಕುತ್ತಿದ್ದ ಚಿಪ್ಪು ಇಂದೂ ಅಷ್ಟೇ ಹಾಕಬಲ್ಲದು. ಹಾಗಿದ್ದರೆ ಆ ನೀಲಿ ಉಂಗುರ ತಿರುಗುವಾಗ ಒಳಗೆ ನಡೆಯುತ್ತಿರುವುದೇನು?

ನೋಡಲು ಯಾವ ಉಪಕರಣವೂ ಬೇಡ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿ ತೆರೆದುಕೊಳ್ಳುತ್ತದೆ. ಅಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಂದು ಸಾಲುಸಾಲಾಗಿ ಶೇಕಡಾ ಅಂಕಿಗಳಿರುತ್ತವೆ. ನಾವು ಒತ್ತಿದಾಗ ಆ ಪಟ್ಟಿ ತೆರೆದುಕೊಳ್ಳಲಿಕ್ಕೇ ಬಹಳ ಹೊತ್ತು ಹಿಡಿಯಿತು. ಪ್ರೊಸೆಸರಿನ ಅಂಕಿ ಹತ್ತರ ಒಳಗೇ ಇತ್ತು. ಮೆಮೊರಿ 90 ದಾಟಿತ್ತು. ಡಿಸ್ಕ್ ಮಾತ್ರ 100ರಲ್ಲಿ ನಿಂತುಬಿಟ್ಟಿತ್ತು, ಕೆಂಪಗೆ.

ಹುಡುಗಿಗೆ ಆ ಅಂಕಿಗಳನ್ನೇ ತೋರಿಸಿದೆ. ದುಡಿದು ದುಡಿದು ಸುಸ್ತಾಗಿದೆ ಎಂದು ನಾವು ಅಂದುಕೊಂಡಿದ್ದ ಯಂತ್ರದ ಮಿದುಳು ನೂರರಲ್ಲಿ ತೊಂಬತ್ತು ಪಾಲು ಸುಮ್ಮನೆ ಕೂತಿತ್ತು. ಅದು ನಿಧಾನವಾಗಿರಲಿಲ್ಲ, ಕಾಯುತ್ತಿತ್ತು. ಮನೆಯ ಕಂಪ್ಯೂಟರ್ ನಿಧಾನವಾಗಿದೆ ಎಂದು ಯಾರು ಹೇಳಿದರೂ ನಾನು ಮೊದಲು ಕೇಳುವ ಪ್ರಶ್ನೆ ಅದಕ್ಕೇ ಬೇರೆ: ಅದು ಯಾವುದಕ್ಕಾಗಿ ಕಾಯುತ್ತಿದೆ?

ಕಾಯುವುದು ಎಂದರೆ ಎಷ್ಟು ಹೊತ್ತು ಎಂಬುದನ್ನು ನಮ್ಮ ಅಳತೆಗೆ ತಂದುಕೊಳ್ಳದೆ ಈ ವಿಷಯ ಅರ್ಥವಾಗುವುದಿಲ್ಲ. ಪ್ರೊಸೆಸರಿನ ಒಂದು ತಾಳ ಸೆಕೆಂಡಿನ 300 ಕೋಟಿಯಲ್ಲಿ ಒಂದು ಭಾಗ. ಅದನ್ನು ಹಿಗ್ಗಿಸಿ ಪೂರಾ ಒಂದು ಸೆಕೆಂಡು ಎಂದು ಇಟ್ಟುಕೊಳ್ಳೋಣ. ಪ್ರೊಸೆಸರಿನ ಒಳಗೇ ಇರುವ ಪುಟ್ಟ ಕ್ಯಾಶ್ ಎಂಬ ನೆನಪಿನಿಂದ ಒಂದು ಅಂಕಿ ತೆಗೆಯಲು ಆಗ ನಾಲ್ಕೈದು ಸೆಕೆಂಡು ಬೇಕು. ಇದು ಮಗ್ಗುಲಲ್ಲಿಟ್ಟ ತಟ್ಟೆಯಿಂದ ವೀಳ್ಯದೆಲೆ ಎತ್ತಿಕೊಂಡ ಹಾಗೆ. ಆ ಪಟ್ಟಿಯಲ್ಲಿ ಮೆಮೊರಿ ಎಂದು ಕಂಡ ರ್‍ಯಾಮ್‌ನಿಂದ ತರಲು ನಾಲ್ಕೈದು ನಿಮಿಷ, ಅಂದರೆ ಎದ್ದು ಬೀದಿ ಕೊನೆಯ ಅಂಗಡಿಗೆ ಹೋಗಿ ಬಂದ ಹಾಗೆ. ಈಗ ಬಳಕೆಯಲ್ಲಿರುವ ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್‌ಎಸ್‌ಡಿಯಿಂದ ತರುವುದಾದರೆ ಮೂರೂವರೆ ದಿನ ಬೇಕು. ಮದುವೆಗೆಂದು ದೂರದೂರಿಗೆ ಹೋದವರು ಬರುವಷ್ಟು ಹೊತ್ತು. ತಿರುಗುವ ಹಳೆಯ ಹಾರ್ಡ್ ಡಿಸ್ಕಿನಿಂದ? ಒಂದು ವರ್ಷಕ್ಕೂ ಹೆಚ್ಚು. ನಂಜನಗೂಡಿನ ಒಂದು ದೊಡ್ಡ ಜಾತ್ರೆಯಲ್ಲಿ ಗೌತಮ ರಥ ಎಳೆದಾಗ ಹೇಳಿ ಕಳಿಸಿದ ಸಾಮಾನು ಮುಂದಿನ ದೊಡ್ಡ ಜಾತ್ರೆಗೆ ಕೈಗೆ ಬಂದ ಹಾಗೆ.

ನಾನು ಇದನ್ನು ಹೇಳಿದಾಗ ಹುಡುಗಿ ನಂಬಲಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿಯೇ ನೋಡಿದಳು. ಹಾರ್ಡ್ ಡಿಸ್ಕಿನ ಒಳಗಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ನಮಗೆ ಬೇಕಾದ ಮಾಹಿತಿ ತಟ್ಟೆಯ ಯಾವ ಭಾಗದಲ್ಲಾದರೂ ಇರಬಹುದಾದ್ದರಿಂದ, ಅದು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಇದಲ್ಲದೆ ಮುಳ್ಳನ್ನು ಹಿಡಿದ ತೋಳು ಸರಿಯಾದ ಪಥಕ್ಕೆ ಸರಿದು ನಿಲ್ಲಲು ಎಂಟೊಂಬತ್ತು ಮಿಲಿಸೆಕೆಂಡು. ಎರಡೂ ಸೇರಿ ಹನ್ನೆರಡು, ಹದಿಮೂರು. ಸೆಕೆಂಡನ್ನು ಹದಿಮೂರು ಮಿಲಿಸೆಕೆಂಡಿನಿಂದ ಭಾಗಿಸಿದರೆ 80ಕ್ಕಿಂತ ಕಡಿಮೆ. ಚದುರಿ ಬಿದ್ದಿರುವ ಸಣ್ಣ ಸಣ್ಣ ಕಡತಗಳನ್ನು ಹುಡುಕಿಕೊಂಡು ಹಾರ್ಡ್ ಡಿಸ್ಕ್ ಸೆಕೆಂಡಿಗೆ ಮಾಡಬಲ್ಲ ಓಡಾಟ ಇಷ್ಟೇ. ಎಷ್ಟು ಜಿಬಿಯ ಡಿಸ್ಕ್ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ವಿಂಡೋಸ್ ಎದ್ದು ಕೂರುವ ಹೊತ್ತಿಗೆ ಇಂಥ ಸಾವಿರಾರು ಚೂರುಗಳು ಬೇಕು. ಹಾಲು ಕರೆದು ಡೇರಿಗೆ ಹಾಕಿ ಬರುವಷ್ಟು ಹೊತ್ತು ಯಾಕೆ ಹಿಡಿಯುತ್ತಿತ್ತು ಎಂಬುದಕ್ಕೆ ಅವಳ ಲೆಕ್ಕದ ಹಾಳೆಯಲ್ಲೇ ಉತ್ತರವಿತ್ತು.

ಈ ತಟ್ಟೆ ತಿರುಗಿಸುವ ಉಪಾಯ ಬಂದಿದ್ದು 1956ರಲ್ಲಿ. ಐಬಿಎಂ ಕಂಪನಿಯ ರಾಮ್ಯಾಕ್ ಯಂತ್ರದಲ್ಲಿ ಎರಡು ಅಡಿ ಅಗಲದ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ, ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟು. ಅಲ್ಲಿಂದ ಇಲ್ಲಿಗೆ ಹಿಡಿಸುವ ಪ್ರಮಾಣ ಲಕ್ಷಾಂತರ ಪಟ್ಟು ಹೆಚ್ಚಿತು. ತಟ್ಟೆಯ ತಿರುಗುವ ವೇಗ ಮಾತ್ರ ಮನೆಯ ಯಂತ್ರಗಳಲ್ಲಿ ಆರು ಪಟ್ಟಿಗಿಂತ ಮೇಲೆ ಹೋಗಲಿಲ್ಲ. ಲೋಹದ ತಟ್ಟೆಗೂ ಮೋಟರಿಗೂ ಒಂದು ಮಿತಿಯಿದೆ. ಪ್ರೊಸೆಸರಿನ ವೇಗ ಓಡುತ್ತ ಓಡುತ್ತ ಎಷ್ಟೋ ಮುಂದೆ ಹೋಯಿತು. ಹಿಂದೆ ಉಳಿದ ತಟ್ಟೆಗಾಗಿ ಅದು ನಿಂತು ಕಾಯುವುದು ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತ ಬಂತು.

ಇನ್ನು ಮೆಮೊರಿಯ ಆ ಶೇ. 90ರ ಮಾತು. ಹಳೆಯ ಮನೆಗಳ ಅಟ್ಟ ಕಂಡವರಿಗೆ ಇದನ್ನು ಹೇಳುವುದು ಸುಲಭ. ರ್‍ಯಾಮ್ ಎಂದರೆ ಅಡುಗೆಮನೆಯ ಕಟ್ಟೆ. ಹಾರ್ಡ್ ಡಿಸ್ಕ್ ಎಂದರೆ ಏಣಿ ಹತ್ತಿ ಹೋಗಬೇಕಾದ ಅಟ್ಟ. ಕೆಲಸ ನಡೆಯುವುದು ಕಟ್ಟೆಯ ಮೇಲೆ, ಸಾಮಾನು ಉಳಿಯುವುದು ಅಟ್ಟದಲ್ಲಿ. ಕಟ್ಟೆ ತುಂಬಿದಾಗ ಹೊಸ ಪಾತ್ರೆ ಬೇಕೆಂದರೆ, ಈಗ ಬಳಸದ ಒಂದನ್ನು ಅಟ್ಟಕ್ಕೆ ಹಾಕಿ ಬಂದು, ಆಮೇಲೆ ಬೇಕಾದ್ದನ್ನು ಇಳಿಸಿಕೊಳ್ಳಬೇಕು. ಕಂಪ್ಯೂಟರ್ ಕೂಡ ಇದನ್ನೇ ಮಾಡುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1962ರಲ್ಲಿ ಕೆಲಸಕ್ಕೆ ನಿಂತ ಅಟ್ಲಾಸ್ ಎಂಬ ಯಂತ್ರದಲ್ಲಿ ಟಾಮ್ ಕಿಲ್ಬರ್ನ್ ಮತ್ತವರ ಸಂಗಡಿಗರು ಈ ಉಪಾಯ ತಂದರು: ಕಟ್ಟೆ ಚಿಕ್ಕದಿದ್ದರೂ ಪ್ರೋಗ್ರಾಮಿಗೆ ದೊಡ್ಡ ಕಟ್ಟೆಯೇ ಇದೆ ಎನಿಸುವಂತೆ ಅಟ್ಟವನ್ನೂ ಸೇರಿಸಿ ತೋರಿಸುವುದು. ಅದೇ ವರ್ಚುವಲ್ ಮೆಮೊರಿ. ಆ ಉಪಾಯ ಇಲ್ಲದಿದ್ದರೆ 4 ಜಿಬಿ ರ್‍ಯಾಮಿನ ಯಂತ್ರದಲ್ಲಿ ಬ್ರೌಸರ್ ಅರ್ಧಕ್ಕೇ ಮುಚ್ಚಿಹೋಗುತ್ತಿತ್ತು.

ಅಟ್ಟ ಹತ್ತಿ ಇಳಿಯುವುದು ಅಪರೂಪಕ್ಕೆ ಆದರೆ ತೊಂದರೆಯಿಲ್ಲ. ಆದರೆ ಒಗ್ಗರಣೆಗೆ ಬೇಕಾದ ಬಾಣಲೆ, ಸೌಟು, ಸಾಸಿವೆ ಡಬ್ಬಿ ಈ ಮೂರೂ ಕಟ್ಟೆಯ ಮೇಲೆ ಒಟ್ಟಿಗೆ ಹಿಡಿಸದಿದ್ದರೆ? ಸೌಟು ತರಲು ಬಾಣಲೆಯನ್ನು ಅಟ್ಟಕ್ಕೆ ಹಾಕಬೇಕು, ಬಾಣಲೆ ತರಲು ಸಾಸಿವೆ ಡಬ್ಬಿಯನ್ನು. ಇಡೀ ದಿನ ಏಣಿ ಹತ್ತಿಳಿದರೂ ಒಗ್ಗರಣೆ ಬೀಳುವುದಿಲ್ಲ. ಈ ಒದ್ದಾಟದ ಕಾರಣವನ್ನು 1968ರಲ್ಲಿ ಬಿಡಿಸಿ ಹೇಳಿದವರು ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್. ಒಂದು ಪ್ರೋಗ್ರಾಮಿಗೆ ಒಂದು ಹೊತ್ತಿನಲ್ಲಿ ನಿಜವಾಗಿ ಬೇಕಾಗುವ ಮೆಮೊರಿ ಚೂರುಗಳ ಗುಂಪೊಂದು ಇರುತ್ತದೆ, ಆ ಗುಂಪು ಕಟ್ಟೆಯ ಮೇಲೆ ಹಿಡಿಸಿದರೆ ಕೆಲಸ ಸರಾಗ, ಒಂದಿಷ್ಟು ಕಡಿಮೆ ಬಿದ್ದರೂ ವೇಗ ಸ್ವಲ್ಪ ಸ್ವಲ್ಪವಾಗಿ ಇಳಿಯದೆ ಒಮ್ಮೆಲೇ ಕುಸಿದು ಬೀಳುತ್ತದೆ ಎಂದು ಅವರು ತೋರಿಸಿದರು. ‘ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ಏಕಾಏಕಿ ಹೀಗಾಯ್ತು’ ಎಂದು ಜನ ಹೇಳುವುದು ಸುಳ್ಳಲ್ಲ. ನಿನ್ನೆ ಬ್ರೌಸರಿನಲ್ಲಿ ಐದು ಪುಟ ತೆರೆದಿತ್ತು, ಇವತ್ತು ಏಳು. ಆ ಎರಡು ಪುಟ ಕಟ್ಟೆಯ ಅಂಚನ್ನು ದಾಟಿಸಿರುತ್ತವೆ. ಬ್ರೌಸರಿನ ಒಂದೊಂದು ಟ್ಯಾಬ್ ಕೂಡ ಒಂದೊಂದು ಪ್ರತ್ಯೇಕ ಪ್ರೋಗ್ರಾಮಿನಂತೆ ಜಾಗ ಹಿಡಿಯುತ್ತದೆಂದು ತಿಳಿದರೆ, ಅರ್ಜಿ ತುಂಬುವಾಗ ಮಿಕ್ಕವನ್ನು ಮುಚ್ಚಲು ಯಾರಿಗೂ ಬೇರೆ ಹೇಳಬೇಕಾಗಿಲ್ಲ.

ನಮ್ಮ ಯಂತ್ರದಲ್ಲಿ ಹುಡುಗಿ ತೆರೆದಿದ್ದುದು ಒಂದೇ ಪುಟ. ಹಾಗಿದ್ದೂ ಕಟ್ಟೆ ತುಂಬಿತ್ತು. ಏನಿತ್ತು ಅದರ ಮೇಲೆ?

ಇಲ್ಲಿ ಊರಿನ ಹೆಸರೇ ನನ್ನ ನೆರವಿಗೆ ಬಂತು. ಹೆಡತಲೆ ಎಂದರೆ ಕನ್ನಡದಲ್ಲಿ ತಲೆಯ ಹಿಂಭಾಗ. ಹಳಗನ್ನಡದಲ್ಲಿ ಪೆಡತಲೆ. ‘ಹೆಡಮುರಿ ಕಟ್ಟಿ ತಂದರು’ ಎಂದು ಇಂದಿಗೂ ಪತ್ರಿಕೆಗಳು ಬರೆಯುತ್ತವಲ್ಲ, ಕೈಗಳನ್ನು ಬೆನ್ನ ಹಿಂದೆ ಕಟ್ಟುವುದು, ಅಲ್ಲಿರುವುದೂ ಇದೇ ‘ಹೆಡ’. ಇಂಗ್ಲಿಷಿನಲ್ಲಿ ಬ್ಯಾಕ್‌ಗ್ರೌಂಡ್ ಪ್ರೋಸೆಸ್ ಎನ್ನುವುದನ್ನು ನಾವು ‘ಹಿನ್ನೆಲೆ ಪ್ರಕ್ರಿಯೆ’ ಎಂದು ಅನುವಾದಿಸಿ ಬರೆಯುತ್ತೇವೆ. ನನಗೇನೋ ಅದನ್ನು ಕಂಪ್ಯೂಟರಿನ ಹೆಡತಲೆ ಎನ್ನುವುದೇ ಸರಿ ಕಾಣುತ್ತದೆ. ಮುಂದಲೆಯಲ್ಲಿ, ಅಂದರೆ ಪರದೆಯ ಮೇಲೆ ಒಂದೇ ಕಿಟಕಿ. ಹೆಡತಲೆಯಲ್ಲಿ ನೂರಕ್ಕೂ ಮಿಕ್ಕಿದ ಕೆಲಸಗಳು ಕೂತಿರುತ್ತವೆ.

ಅವು ಹೇಗೆ ಕೂತಿರುತ್ತವೆ ಎಂದು ತಿಳಿಯಲು ಊರ ದೇವಸ್ಥಾನದವರೆಗೆ ನಡೆದರೆ ಸಾಕು. ಹೆಡತಲೆಯ ಲಕ್ಷ್ಮೀಕಾಂತ ದೇಗುಲ ಹೊಯ್ಸಳ ಶೈಲಿಯ ತ್ರಿಕೂಟ. ಅಲ್ಲಿ ಹದಿನಾರು ಮುಖದ ಚಾವಡಿ ಎಂಬುದಿದೆ. ಅದನ್ನು ಕಟ್ಟಿಸಿದನೆನ್ನುವ ಭೀಮಣ್ಣ ನಾಯಕ ಎಂಬಾತನಿಗೆ ಹದಿನಾರು ಮಂದಿ ಅಳಿಯಂದಿರಿದ್ದರಂತೆ. ಒಬ್ಬರು ಮೇಲೆ, ಒಬ್ಬರು ಕೆಳಗೆ ಎನ್ನದಂತೆ ಅಷ್ಟೂ ಜನಕ್ಕೆ ಸಮನಾದ ಮುಖವಿರುವ ಚಾವಡಿ ಕಟ್ಟಿಸಿದನೆಂದು ಊರವರು ಹೇಳುತ್ತಾರೆ. ವಿಂಡೋಸಿನಂಥ ಆಪರೇಟಿಂಗ್ ಸಿಸ್ಟಂ ಎಂಬುದು ಭೀಮಣ್ಣ ನಾಯಕನ ಪಾಡಿನಲ್ಲೇ ಇರುವ ಮಾವ. ಪ್ರೊಸೆಸರಿನಲ್ಲಿ ಎರಡು ಕೋರ್ ಇದ್ದರೆ ಒಂದು ಹೊತ್ತಿಗೆ ಮಾತಾಡಬಲ್ಲವರು ಇಬ್ಬರೇ. ಆದರೆ ಯಾರಿಗೂ ಬೇಸರವಾಗಬಾರದು. ಹಾಗಾಗಿ ಒಬ್ಬೊಬ್ಬರಿಗೂ ಕೆಲವೇ ಮಿಲಿಸೆಕೆಂಡಿನ ಸರದಿ ಕೊಟ್ಟು, ಅದು ಮುಗಿದೊಡನೆ ಮುಂದಿನವರಿಗೆ ಕೊಡುತ್ತದೆ. ಸರದಿ ಎಷ್ಟು ಬೇಗ ತಿರುಗುತ್ತದೆಂದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ ಎಂದೇ ನಮಗೆ ತೋರುತ್ತದೆ. ಪೂರ್ತಿ ಸಮಾನತೆ ಅಲ್ಲಿಲ್ಲ. ಪರದೆಯ ಮೇಲಿರುವ ಕಿಟಕಿಗೆ ಸ್ವಲ್ಪ ಹೆಚ್ಚು ಮರ್ಯಾದೆ. ಇದೆಲ್ಲ ಸೊಗಸಾಗಿಯೇ ನಡೆಯುತ್ತದೆ. ತೊಂದರೆ ಇರುವುದು ಬೇರೆ ಕಡೆ: ಬಾಯಿ ತೆರೆಯದೆ ಸುಮ್ಮನೆ ಕೂತ ಅಳಿಯನಿಗೂ ಕೂರಲು ಜಾಗ ಬೇಕು. ಕೆಲಸ ಮಾಡದ ಪ್ರೋಗ್ರಾಮು ಕೂಡ ರ್‍ಯಾಮಿನಲ್ಲಿ ತನ್ನ ಚಾಪೆ ಹಾಸಿಕೊಂಡಿರುತ್ತದೆ.

ಟಾಸ್ಕ್ ಮ್ಯಾನೇಜರಿನಲ್ಲೇ ಸ್ಟಾರ್ಟಪ್ ಎಂಬ ಇನ್ನೊಂದು ಪುಟವಿದೆ, ಕಂಪ್ಯೂಟರ್ ಆನ್ ಆದೊಡನೆ ಯಾರೂ ಕರೆಯದೆ ಬಂದು ಕೂರುವವರ ಪಟ್ಟಿ. ಹುಡುಗಿಯೂ ನಾನೂ ಒಂದೊಂದನ್ನೇ ಓದುತ್ತ ಹೋದೆವು. ಎಂದೋ ಕೆಟ್ಟು ಮೂಲೆ ಸೇರಿದ ಪ್ರಿಂಟರಿನ ಪ್ರೋಗ್ರಾಮು ದಿನಾ ಎದ್ದು ಆ ಪ್ರಿಂಟರನ್ನು ಹುಡುಕುತ್ತಿತ್ತು. ಲಾಕ್‌ಡೌನ್ ಕಾಲದ ಆನ್‌ಲೈನ್ ಪಾಠಕ್ಕೆಂದು ಹಾಕಿದ್ದ ವಿಡಿಯೋ ಕರೆಯ ಪ್ರೋಗ್ರಾಮುಗಳು ಮೂರು. ಹಾಡು ಕೇಳುವ ಒಂದು, ಆಟದ ಒಂದು. ಎಲ್ಲಕ್ಕಿಂತ ಭಾರವಾದದ್ದು ಆಂಟಿವೈರಸ್ಸಿನ ಜೋಡಿ. ಎರಡಿದ್ದರೆ ರಕ್ಷಣೆ ಹೆಚ್ಚು ಎಂದು ಯಾರೋ ಹೇಳಿ ಹಾಕಿಸಿದ್ದರು. ಒಂದು ಕಡತ ತೆರೆದರೆ ಮೊದಲನೆಯದು ಅದನ್ನು ತಡೆದು ತಪಾಸಣೆ ಮಾಡುತ್ತದೆ, ಅದು ತೆರೆದಿದ್ದನ್ನು ಕಂಡು ಎರಡನೆಯದು ತಡೆಯುತ್ತದೆ. ಬಾಗಿಲಲ್ಲಿ ಇಬ್ಬರು ಕಾವಲುಗಾರರು ಪರಸ್ಪರ ಜೇಬು ತಡಕುತ್ತ ನಿಂತರೆ ಒಳಗೆ ಹೋಗಬೇಕಾದವರು ಬಿಸಿಲಲ್ಲಿ ನಿಲ್ಲಬೇಕು. ಒಂದೇ ಸಾಕು. ವಿಂಡೋಸಿನ ಜೊತೆಗೇ ಬರುವುದು ಮನೆ ಬಳಕೆಗೆ ಸಾಲುತ್ತದೆ.

ಹೆಡತಲೆಯಲ್ಲಿರುವುದೆಲ್ಲ ಬೇಡದ್ದಲ್ಲ ಎಂಬುದನ್ನೂ ಹೇಳಲೇಬೇಕು. ಧ್ವನಿ, ಟಚ್‌ಪ್ಯಾಡ್, ಕನ್ನಡ ಟೈಪು ಮಾಡುವ ನುಡಿ ಅಥವಾ ಬರಹ, ಇವುಗಳ ಹೆಸರು ಕಂಡರೆ ಬಿಡಿ. ಗುರುತು ಸಿಗದ್ದನ್ನು ಹುಡುಕಿ ತಿಳಿದುಕೊಂಡ ಮೇಲೆ ಮುಟ್ಟಿ. ಸ್ಟಾರ್ಟಪ್ಪಿನಿಂದ ತೆಗೆದರೆ ಪ್ರೋಗ್ರಾಮು ಅಳಿಯುವುದಿಲ್ಲ, ಕರೆದಾಗ ಬರುತ್ತದೆ ಅಷ್ಟೆ. ಇನ್ನೊಂದು ಮಾತು: ವಿಂಡೋಸ್ 8ರಿಂದೀಚೆಗೆ ‘ಶಟ್ ಡೌನ್’ ಎಂದರೆ ಪೂರ್ತಿ ಮುಚ್ಚುವುದಲ್ಲ. ನಾಳೆ ಬೇಗ ಏಳಲೆಂದು ಯಂತ್ರ ತನ್ನ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಇವತ್ತಿನ ಗೋಜಲು ನಾಳೆಗೂ ಹಾಗೇ ಏಳಬಹುದು. ‘ರೀಸ್ಟಾರ್ಟ್’ ಕೊಟ್ಟಾಗ ಮಾತ್ರ ಎಲ್ಲವನ್ನೂ ಗುಡಿಸಿ ಹೊಸದಾಗಿ ಶುರು ಮಾಡುತ್ತದೆ. ವಾರಕ್ಕೊಮ್ಮೆಯಾದರೂ ಅದನ್ನು ಒತ್ತುವ ಅಭ್ಯಾಸ ಒಳ್ಳೆಯದು.

ಪಟ್ಟಿಯಲ್ಲಿ ಒಂಬತ್ತನ್ನು ತೆಗೆದು ರೀಸ್ಟಾರ್ಟ್ ಕೊಟ್ಟೆವು. ಮೆಮೊರಿ 60ರ ಆಸುಪಾಸಿಗೆ ಇಳಿಯಿತು. ಹುಡುಗಿ ಆ ಸಂಜೆ ಅರ್ಜಿ ತುಂಬಿ ಕಳಿಸಿದಳು. ಕೀಲಿಮಣೆಯ ಮೇಲೆ ಕೈಯಿಟ್ಟು, ‘ಸಲ್ಲಿಸಲಾಗಿದೆ’ ಎಂದು ಬರುವವರೆಗೂ ಅವಳು ಉಸಿರು ಬಿಟ್ಟಿರಲಿಲ್ಲ.

ಮರುದಿನ ಬೆಳಕಿನಲ್ಲಿ ಪೆಟ್ಟಿಗೆಯನ್ನು ಜಗಲಿಗೆ ತಂದು ಬಿಚ್ಚಿದೆವು. ಕರೆಂಟು ತೆಗೆದು, ವೈರುಗಳನ್ನೆಲ್ಲ ಕಳಚಿ, ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟು, ಆಮೇಲೆ ಬದಿಯ ತಗಡು ಸರಿಸಿದ್ದು. ಒಳಗೆ ಹುಲ್ಲಿನ ದೂಳು ಒಂದು ಪದರ ಕಂಬಳಿಯಂತೆ ಕೂತಿತ್ತು. ಪ್ರೊಸೆಸರಿನ ಮೇಲಿನ ಫ್ಯಾನಿನ ಕೆಳಗೆ ಅಲ್ಯುಮಿನಿಯಂ ರೆಕ್ಕೆಗಳ ಒಂದು ಗಟ್ಟಿ ಇರುತ್ತದೆ. ಆ ರೆಕ್ಕೆಗಳ ಸಂದುಗಳೇ ಕಾಣುತ್ತಿರಲಿಲ್ಲ. ಬೆರಳಲ್ಲಿ ತೆಗೆದರೆ ಹತ್ತಿಯ ಹಾಳೆಯ ಹಾಗೆ ಎದ್ದು ಬಂತು, ಅದರೊಳಗೆ ಭತ್ತದ ಹೊಟ್ಟಿನ ಚೂರುಗಳು ಹೊಳೆಯುತ್ತಿದ್ದವು. ಅಜ್ಜಿ ಬಂದು ನೋಡಿ, ‘ಅದ್ಕೇ ಹಂಗೆ ಗುರ್ ಅಂತಿತ್ತು’ ಎಂದರು. ಅವರ ಮಾತು ಸರಿಯಾಗಿತ್ತು. ಬಿಸಿ ಹೊರಗೆ ಹೋಗದಿದ್ದಾಗ ಫ್ಯಾನು ಜೋರಾಗಿ ತಿರುಗುತ್ತದೆ. ಅದೂ ಸಾಲದೆ ಬಿಸಿ ನೂರು ಡಿಗ್ರಿಯ ಹತ್ತಿರ ಹೋದರೆ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ತಾಳವನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಕಂಪ್ಯೂಟರಿನ ಮಿದುಳು ನಿಜವಾಗಿ ನಿಧಾನವಾಗುವುದು ಮುಖ್ಯವಾಗಿ ಇಂಥ ಸಂದರ್ಭದಲ್ಲಿ. ಬೇಸಿಗೆಯ ಮಧ್ಯಾಹ್ನ ತಡವರಿಸಿ ಬೆಳಗಿನ ಜಾವ ಚುರುಕಾಗಿರುವ ಯಂತ್ರ ಕಂಡರೆ ದೂಳನ್ನೇ ಮೊದಲು ಅನುಮಾನಿಸಬೇಕು.

ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷು, ಸಣ್ಣ ಬ್ಲೋವರ್ ಇಷ್ಟೇ ಬೇಕಾದ್ದು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು, ಅದು ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗ್ ಹಾಳು. ಒದ್ದೆ ಬಟ್ಟೆ ಬೇಡ. ಫ್ಯಾನಿನೊಡನೆ ರೆಕ್ಕೆಗಳ ಗಟ್ಟಿಯನ್ನೂ ಬಿಚ್ಚಿದ್ದರೆ ಅದರ ಕೆಳಗಿನ ಒಣಗಿದ ಬಿಳಿ ಲೇಪ ಒರೆಸಿ ಹೊಸದನ್ನು ಅಕ್ಕಿಕಾಳಿನಷ್ಟು ಹಾಕಬೇಕು. ದೂಳು ಹೋದ ಮೇಲೆ ಹಸಿರು ಬೋರ್ಡಿನ ಗೆರೆಗಳೆಲ್ಲ ಕಂಡವು. ಇಂಥ ಸರ್ಕ್ಯೂಟ್ ಬೋರ್ಡುಗಳು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲೇ ತಯಾರಾಗುತ್ತವೆ, ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿಯ ಕಾರ್ಖಾನೆಯಲ್ಲಿ ಎಂದಾಗ ಹುಡುಗಿ ಬೋರ್ಡನ್ನು ಬೇರೆ ಕಣ್ಣಿನಿಂದ ನೋಡಿದಳು. ದಿನಾ ಕಾಲೇಜು ಬಸ್ಸಿನಲ್ಲಿ ಹೋಗುವ ಊರು ಅದು.

ಈಗ, ಜನ ವೇಗಕ್ಕೆಂದು ಮಾಡುವ ಕೆಲವು ವ್ಯರ್ಥ ಕೆಲಸಗಳು. ಪರದೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ರಿಫ್ರೆಶ್’ ಕೊಡುವುದು ನಮ್ಮ ಸೈಬರ್ ಕೆಫೆಗಳ ಕಾಲದಿಂದ ಬಂದ ಪದ್ಧತಿ. ಕೆಲವರು ಐದಾರು ಸಲ ಕೊಡದೆ ಕೆಲಸ ಶುರು ಮಾಡುವುದಿಲ್ಲ. ಅದು ಪರದೆಯ ಮೇಲಿನ ಪುಟ್ಟ ಚಿತ್ರಗಳನ್ನು ಮತ್ತೊಮ್ಮೆ ಬರೆಯುತ್ತದೆ, ಬೇರೇನನ್ನೂ ಮಾಡುವುದಿಲ್ಲ. ವಿಂಡೋಸಿನ ಒಳದಾಖಲೆಗಳನ್ನು ಗುಡಿಸುತ್ತೇವೆಂದು ರಿಜಿಸ್ಟ್ರಿ ಕ್ಲೀನರ್ ಹೆಸರಿನಲ್ಲಿ ಬರುವ ಪ್ರೋಗ್ರಾಮುಗಳಿಂದ ವೇಗಕ್ಕೆ ಸಿಗುವುದು ಏನೂ ಇಲ್ಲ, ಕೆಡುವುದು ಸಾಧ್ಯ. ರ್‍ಯಾಮ್ ಖಾಲಿ ಮಾಡಿಕೊಡುತ್ತೇವೆ ಎನ್ನುವವು ಕಟ್ಟೆಯ ಮೇಲಿದ್ದ ಸಾಮಾನನ್ನೆಲ್ಲ ಬಾಚಿ ಅಟ್ಟಕ್ಕೆ ಎಸೆಯುತ್ತವೆ. ಮರುಕ್ಷಣ ಬೇಕಾದಾಗ ಮತ್ತೆ ಏಣಿ ಹತ್ತಬೇಕು. ಖಾಲಿ ರ್‍ಯಾಮಿನಿಂದ ಯಾರಿಗೂ ಉಪಯೋಗವಿಲ್ಲ. ಒಳ್ಳೆಯ ಆಪರೇಟಿಂಗ್ ಸಿಸ್ಟಂ ಮಿಕ್ಕ ಜಾಗದಲ್ಲಿ ಮುಂದೆ ಬೇಕಾಗಬಹುದಾದ್ದನ್ನು ತಂದಿಟ್ಟುಕೊಳ್ಳುತ್ತದೆ. ‘ನಿಮ್ಮ ಕಂಪ್ಯೂಟರಿನಲ್ಲಿ ದೋಷವಿದೆ’ ಎಂದು ತಾನಾಗಿ ಎದ್ದುಬರುವ ಜಾಹೀರಾತನ್ನು ಒತ್ತಿ ದುಡ್ಡು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ, ಅದರಲ್ಲೂ ವಯಸ್ಸಾದವರನ್ನು. ಮನೆಯ ಹಿರಿಯರಿಗೆ ಇದೊಂದನ್ನು ಕೂತು ವಿವರಿಸಿ.

ತಟ್ಟೆಯ ಪ್ರಶ್ನೆ ಉಳಿದಿತ್ತು. ಎಷ್ಟು ಗುಡಿಸಿದರೂ ಸೆಕೆಂಡಿಗೆ 80ರ ಆ ಗೋಡೆ ಕದಲುವುದಿಲ್ಲ. ಹಳೆಯ ಯಂತ್ರಕ್ಕೆ ಒಂದೇ ಒಂದು ಖರ್ಚು ಮಾಡುವುದಾದರೆ ಅದು ಎಸ್‌ಎಸ್‌ಡಿಗೆ. ಇದರಲ್ಲಿ ತಿರುಗುವುದು ಏನೂ ಇಲ್ಲ. ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿಯ ಕೋಟ್ಯಂತರ ಪುಟ್ಟ ಕೋಣೆಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ ಮಾಹಿತಿ ಬರೆಯುತ್ತಾರೆ. ಯಾವ ಕೋಣೆ ಎಲ್ಲಿದ್ದರೂ ಅಲ್ಲಿಗೆ ಹೋಗುವ ಹೊತ್ತು ಒಂದೇ. ಸೆಕೆಂಡಿಗೆ ಎಂಬತ್ತರ ಜಾಗದಲ್ಲಿ ಹತ್ತಾರು ಸಾವಿರ ಓಡಾಟ. ಹಳೆಯ ಬೋರ್ಡಿಗೆ ಡಿಸ್ಕ್ ಜೋಡಿಸುವ ಸಾಟಾ ಕೊಂಡಿ ನಿಧಾನದ್ದು, ಅದಕ್ಕೆ ಎಸ್‌ಎಸ್‌ಡಿ ಹಾಕಿ ಪ್ರಯೋಜನವಿಲ್ಲ ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಇದು ತಪ್ಪು. ಕೊಂಡಿಯ ವೇಗ ಮುಖ್ಯವಾಗುವುದು ದೊಡ್ಡ ಸಿನಿಮಾ ಕಡತ ನಕಲು ಮಾಡುವಾಗ. ನಮ್ಮ ನೋವು ಇರುವುದು ಒಂದು ವರ್ಷದ ಕಾಯುವಿಕೆಯಲ್ಲಿ, ಅದು ಯಾವ ಕೊಂಡಿಯಲ್ಲಾದರೂ ಮೂರೂವರೆ ದಿನಕ್ಕೆ ಇಳಿಯುತ್ತದೆ. ಎಸ್‌ಎಸ್‌ಡಿ ಹಾಕಿದ ಮೇಲೆ, ಕಡತಗಳ ಚದುರಿದ ಚೂರುಗಳನ್ನು ಒಂದೆಡೆ ಜೋಡಿಸುವ, ಡೀಫ್ರ್ಯಾಗ್ ಎಂಬ ಹಳೆಯ ರೂಢಿ ಬಿಡಬೇಕು. ಕಡತದ ಚೂರುಗಳು ಎಲ್ಲಿದ್ದರೂ ಅದಕ್ಕೆ ಒಂದೇ, ಸುಮ್ಮನೆ ಬರೆದು ಅಳಿಸಿದರೆ ಕೋಣೆಗಳು ಸವೆಯುತ್ತವೆ. ಪೂರ್ತಿ ತುಂಬಿಸಲೂ ಬಾರದು. ಹತ್ತರಲ್ಲಿ ಒಂದೆರಡು ಪಾಲು ಖಾಲಿ ಇದ್ದರೆ ಅದಕ್ಕೆ ಕೈಯಾಡಿಸಲು ಜಾಗ.

ಮೈಸೂರಿನಿಂದ ಒಂದು 240 ಜಿಬಿ ಎಸ್‌ಎಸ್‌ಡಿ ಮತ್ತು ಇನ್ನೊಂದು 4 ಜಿಬಿ ರ್‍ಯಾಮ್ ತಂದೆವು. ರ್‍ಯಾಮ್ ಕೊಳ್ಳುವ ಮುಂಚೆ ಬೋರ್ಡಿನ ಮೇಲೆ ಖಾಲಿ ಸಂದು ಇದೆಯೇ, ಇರುವುದು ಡಿಡಿಆರ್3, ಡಿಡಿಆರ್4 ಎಂಬ ಬಗೆಗಳಲ್ಲಿ ಯಾವುದು ಎಂದು ನೋಡಿಕೊಳ್ಳಬೇಕು, ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಇನ್ನು ಹಳೆಯ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಅದು ಸಾಯುತ್ತಿದೆ ಎಂದರ್ಥ, ಓದಲಾಗದ ಜಾಗವನ್ನು ಮತ್ತೆ ಮತ್ತೆ ಓದಲು ಹೋಗಿ ನಿಧಾನವಾಗಿರುತ್ತದೆ. ಅಂಥದ್ದರಲ್ಲಿ ವೇಗದ ಮಾತು ಬಿಟ್ಟು ಮೊದಲು ಫೋಟೋ, ದಾಖಲೆಗಳನ್ನು ಉಳಿಸಿಕೊಳ್ಳಬೇಕು.

ಉಳಿಸಿಕೊಳ್ಳುವಾಗ ಕನ್ನಡದ ಮನೆಗಳಲ್ಲಿ ತಪ್ಪುವ ಒಂದು ಸಂಗತಿಯಿದೆ. ಆ ಮನೆಯ ಅಜ್ಜ ಮೇಷ್ಟರಾಗಿದ್ದವರು. ನಿವೃತ್ತಿಯ ಮೇಲೆ ನುಡಿಯಲ್ಲಿ ಟೈಪು ಕಲಿತು ಊರಿನ ಹಬ್ಬ, ಹಾಡು, ಗಾದೆಗಳನ್ನು ನೂರಾರು ಪುಟ ಬರೆದಿಟ್ಟು ಹೋಗಿದ್ದರು. ಯೂನಿಕೋಡ್ ರೂಢಿಗೆ ಬರುವ ಮೊದಲಿನ ಕಡತಗಳಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತವೇ ಇರುತ್ತದೆ. ‘ನುಡಿ 01 ಇ’ಯಂಥ ಫಾಂಟು ಅವಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಡಿಸ್ಕ್ ಬದಲಿಸಿ ಹೊಸದಾಗಿ ವಿಂಡೋಸ್ ಹಾಕಿದಾಗ ಫಾಂಟು ಹೋದರೆ ಕಡತ ಇದ್ದೂ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಕೆಟ್ಟುಹೋಯಿತೆಂದು ಅಳಿಸಿಬಿಟ್ಟವರಿದ್ದಾರೆ. ನಾವು ಮೊದಲು ಫಾಂಟುಗಳನ್ನು ಎತ್ತಿಟ್ಟೆವು, ಆಮೇಲೆ ಪರಿವರ್ತಕದಲ್ಲಿ ಒಂದೊಂದೇ ಕಡತವನ್ನು ಯೂನಿಕೋಡಿಗೆ ತಂದೆವು. ಒತ್ತಕ್ಷರಗಳು ಅಲ್ಲಲ್ಲಿ ಜಾರಿದ್ದವು; ಅವನ್ನು ತಿದ್ದುತ್ತ ಹುಡುಗಿ ಅಜ್ಜನ ಬರಹವನ್ನು ಮೊದಲ ಬಾರಿ ಪೂರ್ತಿ ಓದಿದಳು.

ಯಾವ ಆಪರೇಟಿಂಗ್ ಸಿಸ್ಟಂ ಹಾಕುವುದು ಎಂಬುದು ಕೊನೆಯ ಚರ್ಚೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಹಳೆಯ ಬೋರ್ಡುಗಳಲ್ಲಿ ಇಲ್ಲ. ತಾಳ ತಪ್ಪದ ಪ್ರೊಸೆಸರ್ ಇರುವ ಯಂತ್ರಗಳು ಈ ಒಂದು ಕಾರಣಕ್ಕೆ ಗುಜರಿಗೆ ಹೋಗುವುದು ನನಗೆ ಸಂಕಟದ ವಿಷಯ. ಸಾಫ್ಟ್‌ವೇರು ಭಾರವಾಗುವ ವೇಗ ಹಾರ್ಡ್‌ವೇರು ಚುರುಕಾಗುವ ವೇಗವನ್ನು ಮೀರುತ್ತಿದೆ ಎಂದು ಸ್ವಿಟ್ಜರ್ಲೆಂಡಿನ ಕಂಪ್ಯೂಟರ್ ವಿಜ್ಞಾನಿ ನಿಕ್ಲೌಸ್ ವಿರ್ತ್ 1995ರಲ್ಲೇ ಎಚ್ಚರಿಸಿದ್ದರು. ಹಗುರವಾದ ದಾರಿಯೂ ಇದೆ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಓಡುವುದು ಲಿನಕ್ಸ್. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠ ಕಲಿಯುವುದು ಅದರಲ್ಲೇ. ಲಿನಕ್ಸ್ ಮಿಂಟ್, ಲುಬುಂಟು ಮೊದಲಾದವು ಪುಕ್ಕಟೆ ಸಿಗುತ್ತವೆ, 4 ಜಿಬಿಯಲ್ಲಿ ಆರಾಮಾಗಿ ಓಡುತ್ತವೆ, ಕನ್ನಡ ಕೀಲಿಮಣೆ ಒಳಗೇ ಇರುತ್ತದೆ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ, ಹಿಡಿಸಿದರೆ ಹಾಕಿಕೊಳ್ಳಬಹುದು. ಹುಡುಗಿ ಎರಡು ದಿನ ಹಾಗೆ ನೋಡಿ ಮಿಂಟ್ ಆರಿಸಿಕೊಂಡಳು.

ಹೊಸ ಡ್ರೈವ್ ಹಾಕಿ ಗುಂಡಿ ಒತ್ತಿದಾಗ ಅಜ್ಜಿ ಪಕ್ಕದಲ್ಲೇ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು. ‘ಸದ್ದೇ ಇಲ್ವಲ್ಲ, ಹತ್ಕೊಂಡಿದ್ದದಾ?’ ಎಂದು ಕೇಳಿದರು. ಕೇಳಿ ಮುಗಿಸುವಷ್ಟರಲ್ಲಿ ಪರದೆ ಬೆಳಗಿತ್ತು. ಹಳೆಯ ಹಾರ್ಡ್ ಡಿಸ್ಕನ್ನು ನಾವು ಎಸೆಯಲಿಲ್ಲ. ಅದಿನ್ನೂ ಗಟ್ಟಿಯಿತ್ತು. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಎಸ್‌ಎಸ್‌ಡಿಯ ಕೋಣೆಗಳಿಂದ ಎಲೆಕ್ಟ್ರಾನು ಸೋರಿಹೋಗಬಹುದು. ಕಾಂತದ ತಟ್ಟೆಗೆ ಆ ಚಿಂತೆ ಕಡಿಮೆ, ಎತ್ತಿಡುವ ಕೆಲಸಕ್ಕೆ ಅದರ ನಿಧಾನವೂ ಅಡ್ಡಿಯಲ್ಲ. ಅಜ್ಜನ ಕಡತಗಳ ಹಳೆಯ ಪ್ರತಿ, ಹೊಸ ಪ್ರತಿ, ಫಾಂಟು, ಮದುವೆಯ ಫೋಟೋ ಎಲ್ಲ ಅದರಲ್ಲಿ ತುಂಬಿಸಿ, ಒಂದು ಯುಎಸ್‌ಬಿ ಡಬ್ಬಿಯಲ್ಲಿ ಹಾಕಿ, ಮೇಲೆ ತಾರೀಕು ಬರೆದು, ಗೋದ್ರೇಜ್ ಬೀರುವಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದಾರೆ. ತಿಂಗಳಿಗೊಮ್ಮೆ ಇಳಿಸುತ್ತಾರೆ.